ಲಾರಿ ಡ್ರೈವರ್‌ಗಳ ಆಯಸ್ಸು ನಿಜಕ್ಕೂ ಕಡಿಮೆಯಾ? ದಾವಣಗೆರೆ, ಚಿತ್ರದುರ್ಗದ ಚಾಲಕರಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

"ಲಾರಿ ಓಡಿಸೋರಿಗೆ ಆಯಸ್ಸು ಕಡಿಮೆ ಅಂತಾರಲ್ಲ, ನಿಜನಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಚಾಲಕರಿಗಿಂತ ಅವರ ಹೆಂಡತಿಯರು, ಅಕ್ಕತಂಗಿಯರೇ ಜಾಸ್ತಿ. ದಾವಣಗೆರೆಯಿಂದ ಮೆಕ್ಕೆಜೋಳ ಹೇರಿಕೊಂಡು ತಮಿಳುನಾಡಿನ ಕಡೆ ಹೋಗುವವರು, ಭೀಮಸಮುದ್ರದ ಅಡಿಕೆ ತುಂಬಿಕೊಂಡು ಉತ್ತರ ಭಾರತಕ್ಕೆ ಹೊರಡುವವರು, ಚಳ್ಳಕೆರೆ ಸೀಮೆಯ ಈರುಳ್ಳಿಯನ್ನು ರಾತ್ರೋರಾತ್ರಿ ಬೆಂಗಳೂರಿಗೆ ಮುಟ್ಟಿಸುವವರು ನಮ್ಮ ಸುತ್ತ ಎಲ್ಲ ಕಡೆ ಇದ್ದಾರೆ. ಮನೆಯವರ ಆತಂಕ ಸುಮ್ನೆ ಹುಟ್ಟಿದ್ದಲ್ಲ.

ಮೊದಲು ನೇರವಾಗಿ ಉತ್ತರ ಹೇಳುತ್ತೇನೆ. ಈ ಕೆಲಸ ಆರೋಗ್ಯಕ್ಕೆ ಪೆಟ್ಟು ಕೊಡುತ್ತದೆ, ಅದು ನಿಜ. ಆದರೆ "ಡ್ರೈವರ್ ಅಂದ್ರೆ 60ಕ್ಕೆ ಮುಗೀತು" ಎಂದು ಮೊಬೈಲಿನಲ್ಲಿ ಓಡಾಡುವ ಲೆಕ್ಕ ನಂಬಬೇಡಿ. ಅಂಥ ಲೆಕ್ಕಗಳಲ್ಲಿ ಸಾಮಾನ್ಯವಾಗಿ ತೀರಿಕೊಂಡ ಚಾಲಕರ ವಯಸ್ಸಿನ ಸರಾಸರಿಯನ್ನೇ ಎಲ್ಲರ ಆಯಸ್ಸು ಎಂದು ಹೇಳಿರುತ್ತಾರೆ. ಕೆಲಸದಲ್ಲಿ ಇರುವಾಗಲೇ ಸತ್ತವರನ್ನು ಮಾತ್ರ ಎಣಿಸಿದರೆ ಸರಾಸರಿ ಕಡಿಮೆ ಬರಲೇಬೇಕು, ಅಲ್ವಾ? ಸ್ಟೇರಿಂಗ್ ಬಿಟ್ಟು ಊರಲ್ಲಿ ಹೊಲ ನೋಡಿಕೊಂಡಿರುವ 75ರ ಅಜ್ಜ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಗಟ್ಟಿಯಾಗಿ ಗೊತ್ತಿರುವುದು ಇಷ್ಟು. 2010ರಲ್ಲಿ ಅಮೆರಿಕದಲ್ಲಿ ದೂರದ ದಾರಿಯ 1,670 ಚಾಲಕರನ್ನು ಮಾತಾಡಿಸಿ ಸಮೀಕ್ಷೆ ಮಾಡಿದರು. ನೂರಕ್ಕೆ 69 ಜನರಿಗೆ ಬೊಜ್ಜು ಇತ್ತು. ಬೇರೆ ಕೆಲಸದವರಲ್ಲಿ ಅದು 31. ನೂರಕ್ಕೆ 51 ಚಾಲಕರು ಸಿಗರೇಟು ಸೇದುತ್ತಿದ್ದರು, ಉಳಿದವರಲ್ಲಿ 19. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ದಾಟಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ನಮ್ಮ ಚಾಲಕರಲ್ಲಿ ಅನೇಕರು ವಾರ ಮುಗಿಯುವ ಮುಂಚೆಯೇ 55 ಗಂಟೆ ದಾಟಿರುತ್ತಾರೆ.

ಆಯಸ್ಸು ತಿನ್ನುವ ಮುಖ್ಯ ಕಾರಣಗಳಿಗೆ ಹೆಸರಿದೆ: ಬಿಪಿ, ಶುಗರ್, ತಂಬಾಕು, ನಿದ್ದೆಗೇಡು. ನಾಲ್ಕನ್ನೂ ಮೊದಲೇ ಪತ್ತೆ ಮಾಡಬಹುದು, ನಾಲ್ಕಕ್ಕೂ ದಾರಿ ಇದೆ. ಈ ಲೇಖನ ಆ ದಾರಿಯ ಬಗ್ಗೆ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ತೋಳಿಗೆ ಪಟ್ಟಿ ಸುತ್ತುವ ಬಿಪಿ ಮಷೀನು (ಒಂದೂವರೆ, ಎರಡು ಸಾವಿರಕ್ಕೆ ಸಿಗುತ್ತದೆ, ಮಣಿಕಟ್ಟಿಗೆ ಕಟ್ಟುವುದು ಬೇಡ), ಟೈಲರ್ ಟೇಪು, ಒಂದು ಸಣ್ಣ ನೋಟ್‌ಬುಕ್, ಐದು ಲೀಟರಿನ ನೀರಿನ ಕ್ಯಾನು, ನಾಲ್ಕು ಓಆರ್‌ಎಸ್ ಪೊಟ್ಟಣ, ಸೊಳ್ಳೆ ಪರದೆ. ವೈದ್ಯರು ಬರೆದ ಚೀಟಿಗಳನ್ನೆಲ್ಲ ಫೋಟೋ ತೆಗೆದು ನಿಮ್ಮ ಮೊಬೈಲಿನಲ್ಲೂ ಮನೆಯವರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಇಷ್ಟು ಸಾಕು.

1. ತಪಾಸಣೆಗೆ ದಿನ ಗೊತ್ತು ಮಾಡಿ

"ಟೈಮ್ ಸಿಕ್ಕಾಗ ಹೋಗ್ತೀನಿ" ಎಂದವರು ಹೋಗುವುದೇ ಇಲ್ಲ. ವರ್ಷದಲ್ಲಿ ಎರಡು ಸಲ ಹೆಚ್ಚಿನ ಚಾಲಕರು ಊರಲ್ಲಿ ಇದ್ದೇ ಇರುತ್ತಾರೆ: ಆಯುಧಪೂಜೆಗೆ ಮತ್ತು ಯುಗಾದಿಗೆ. ಅವೆರಡಕ್ಕೂ ತಪಾಸಣೆಯನ್ನು ಗಂಟು ಹಾಕಿ. ಹಬ್ಬದ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗ ಇರುವುದಿಲ್ಲ. ಆದ್ದರಿಂದ ಲಾರಿ ತೊಳೆಯಲು ನಿಲ್ಲಿಸುವ ಹಿಂದಿನ ದಿನವೇ ಬೆಳಿಗ್ಗೆ ಹೋಗಿಬನ್ನಿ.

ಎಲ್ಲಿಗೆ? 30 ದಾಟಿದ ಎಲ್ಲರಿಗೂ ಬಿಪಿ, ಶುಗರ್ ಮತ್ತು ಬಾಯಿಯ ತಪಾಸಣೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಮ್ಮ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡುತ್ತಾರೆ. ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ ಇದೆ. ಕೇಳಿ ಮಾಡಿಸಬೇಕಾದವು: ಬಿಪಿ, ಶುಗರ್, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ (ಮೂತ್ರಪಿಂಡ ಸರಿ ಇದೆಯಾ ಎಂದು ತೋರಿಸುವ ರಕ್ತ ಪರೀಕ್ಷೆ), ಕಣ್ಣು, ಬಾಯಿ. 40 ದಾಟಿದ್ದರೆ ಇಸಿಜಿ, ಅಂದರೆ ಹೃದಯದ ಬಡಿತವನ್ನು ಕಾಗದದ ಮೇಲೆ ಗೀಚಿ ತೋರಿಸುವ ಪರೀಕ್ಷೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಸಾರಿಗೆ ವಾಹನದ ಲೈಸೆನ್ಸ್‌ಗೆ ಫಾರಂ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಐದು ವರ್ಷಕ್ಕೊಮ್ಮೆ ನವೀಕರಣದ ಹೊತ್ತಿಗೆ ಕೆಲವರು ಒಳಗೆ ಕಾಲಿಡದೆ ಸಹಿ ಮಾತ್ರ ತರಿಸಿಕೊಳ್ಳುತ್ತಾರೆ. "ಬಿಪಿ ಇದೆ ಅಂತ ಗೊತ್ತಾದ್ರೆ ಲೈಸೆನ್ಸ್ ಹೋಗುತ್ತೆ" ಎಂಬ ಭಯ ಅದಕ್ಕೆ ಕಾರಣ. ಮಾತ್ರೆಯಿಂದ ಹತೋಟಿಯಲ್ಲಿರುವ ಬಿಪಿ ಒಂದಕ್ಕೇ ಲೈಸೆನ್ಸ್ ಹೋಗುವುದಿಲ್ಲ. ಮೂರ್ಛೆರೋಗ, ತಲೆಸುತ್ತು, ಕಣ್ಣು ಕಾಣದಿರುವುದು ಬೇರೆ ವಿಷಯ. ಅವನ್ನು ಮುಚ್ಚಿಟ್ಟರೆ ನಿಮ್ಮ ಜೊತೆ ರಸ್ತೆಯಲ್ಲಿರುವವರ ಜೀವಕ್ಕೂ ಅಪಾಯ.

2. ನಂಬರುಗಳನ್ನು ನೀವೇ ಓದಲು ಕಲಿಯಿರಿ

ಬಿಪಿಯಲ್ಲಿ ಎರಡು ಅಂಕಿ ಇರುತ್ತವೆ. ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಲಾರಿಯಿಂದ ಇಳಿದ ಕೂಡಲೇ, ಚಹಾ ಕುಡಿದ ಕೂಡಲೇ, ಬೀಡಿ ಎಳೆದ ಕೂಡಲೇ ನೋಡಬೇಡಿ, ಸುಳ್ಳು ನಂಬರು ಬರುತ್ತದೆ. ಅರ್ಧ ಗಂಟೆ ಬಿಟ್ಟು, ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಸುಮ್ನೆ ಕೂತು, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಿ.

ಶುಗರ್ ಖಾಲಿ ಹೊಟ್ಟೆಯಲ್ಲಿ 100ರ ಒಳಗಿರಬೇಕು. 100ರಿಂದ 125 ಎಚ್ಚರಿಕೆಯ ಗಂಟೆ, 126 ಮುಟ್ಟಿದರೆ ಸಕ್ಕರೆ ಕಾಯಿಲೆಯೇ ಎಂದು ಇನ್ನೊಮ್ಮೆ ನೋಡಿ ಖಚಿತ ಮಾಡುತ್ತಾರೆ. ಆದರೆ ಟ್ರಿಪ್ ಮುಗಿಸಿ ಬಂದವರಿಗೆ ಎಂಟು ಗಂಟೆ ಖಾಲಿ ಹೊಟ್ಟೆ ಅಂದರೆ ಕಷ್ಟ. ಅಂಥವರು ಎಚ್‌ಬಿಎ1ಸಿ ಪರೀಕ್ಷೆ ಕೇಳಿ. ಹಿಂದಿನ ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಗಿತ್ತು ಎಂದು ಅದು ಹೇಳುತ್ತದೆ, ಉಪವಾಸ ಬೇಕಿಲ್ಲ. 5.7ರ ಒಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ.

ಸೊಂಟದ ಸುತ್ತಳತೆಯನ್ನು ಹೊಕ್ಕುಳದ ಮಟ್ಟದಲ್ಲಿ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು ಮಿತಿ. ಪ್ಯಾಂಟಿನ ಸೈಜು ನೋಡಿ ಸಮಾಧಾನ ಪಡಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತಾರೆ.

ಬಿಪಿ ಮಾತ್ರೆಯ ಬಗ್ಗೆ ಒಂದು ಮಾತು. "ಈಗ ಆರಾಮಿದೀನಿ" ಎಂದು ಅರ್ಧಕ್ಕೆ ನಿಲ್ಲಿಸುವವರು ತುಂಬಾ ಜನ. ಮಾತ್ರೆ ನುಂಗುತ್ತಿರುವುದರಿಂದಲೇ ನೀವು ಆರಾಮಿದ್ದೀರಿ. ಟ್ರಿಪ್ ಎಷ್ಟು ದಿನವೋ ಅದಕ್ಕಿಂತ ಒಂದು ವಾರದ ಮಾತ್ರೆ ಜಾಸ್ತಿ ಇಟ್ಟುಕೊಂಡು ಹೊರಡಿ.

3. ನಿದ್ದೆಯ ಲೆಕ್ಕ ಲಾರಿ ಹತ್ತುವ ಮುಂಚೆ ಹಾಕಿ

ಈ ಇಡೀ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಉಳಿದ ಕಾಯಿಲೆಗಳು ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ. ನಿದ್ದೆ ನಾಲ್ಕು ಸೆಕೆಂಡು ತೆಗೆದುಕೊಳ್ಳುತ್ತದೆ. 80 ಕಿ.ಮೀ. ವೇಗದಲ್ಲಿ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಣ್ಣು ನಾಲ್ಕು ಸೆಕೆಂಡು ಮುಚ್ಚಿದರೆ ಸುಮಾರು 90 ಮೀಟರ್ ಯಾರೂ ಓಡಿಸದೆ ಹೋದ ಹಾಗೆ.

ಮುಂಬೈ ಟ್ರಿಪ್ ತೆಗೆದುಕೊಳ್ಳಿ. ದಾವಣಗೆರೆಯಿಂದ ಸುಮಾರು 700 ಕಿ.ಮೀ. ಬೆಳಿಗ್ಗೆ 6ಕ್ಕೆ ಎದ್ದಿರಿ. ಹಗಲಿಡೀ ಲೋಡಿಂಗ್ ಹತ್ತಿರ ನಿಂತಿರಿ, ಹಗ್ಗ ಬಿಗಿದು ತಾಡಪಾಲು ಕಟ್ಟಿಸಿದಿರಿ. ರಾತ್ರಿ 8ಕ್ಕೆ ಹೊರಟಿರಿ. ಹುಬ್ಬಳ್ಳಿ ಬೈಪಾಸ್ ಬರುವ ಹೊತ್ತಿಗೆ ರಾತ್ರಿ 11. ಅಲ್ಲಿಗೆ ನೀವು ಎದ್ದು 17 ಗಂಟೆ ಆಯಿತು. 17 ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಚುರುಕು, ರಕ್ತದಲ್ಲಿ 100 ಮಿಲಿಗೆ 50 ಮಿಲಿಗ್ರಾಂ ಮದ್ಯ ಇದ್ದವನ ಹಾಗೆ ಇರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ. ಒಂದು ಹನಿ ಕುಡಿಯದೆ ನೀವು ಕುಡಿದವನ ಸ್ಥಿತಿಯಲ್ಲಿ ಓಡಿಸುತ್ತಿದ್ದೀರಿ, ಇನ್ನೂ ಬೆಳಗಾವಿಯೂ ಬಂದಿಲ್ಲ. ಬೆಳಿಗ್ಗೆ 6ಕ್ಕೆ 24 ಗಂಟೆ ತುಂಬುತ್ತದೆ. ಆಗ ಅದು ರಕ್ತದಲ್ಲಿ 100 ಮಿಲಿಗ್ರಾಂ ಮದ್ಯ ಇದ್ದವನ ಮಟ್ಟ.

ಹಾಗಾದರೆ ಏನು ಮಾಡಬೇಕು?

ಹೊರಡುವ ದಿನ ಮಧ್ಯಾಹ್ನ ಮೂರು ಗಂಟೆಯಾದರೂ ಮಲಗಿ. ಲೋಡಿಂಗ್ ನೋಡಲು ಕ್ಲೀನರ್ ಇರಲಿ, ಇಲ್ಲವೇ ಟ್ರಾನ್ಸ್‌ಪೋರ್ಟ್‌ನವರೇ ನೋಡಿಕೊಳ್ಳಲಿ. ಇದನ್ನು ಮಾಲೀಕರ ಹತ್ತಿರ ಬಾಯಿಬಿಟ್ಟು ಕೇಳಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಎಂದು ಬರೆದಿತ್ತು. ಅರವತ್ತು ವರ್ಷ ದಾಟಿದರೂ ಅದು ಕಾಗದದಲ್ಲೇ ಉಳಿದದ್ದು ದುಃಖದ ವಿಷಯ. ನಿದ್ದೆಗೆಟ್ಟ ಚಾಲಕನ ಕೈಗೆ ಲಕ್ಷಗಟ್ಟಲೆ ಬೆಲೆಯ ಗಾಡಿ, ಸರಕು ಕೊಡುವುದು ಮಾಲೀಕರಿಗೂ ನಷ್ಟದ ದಾರಿ. ದೂರದ ಟ್ರಿಪ್‌ಗೆ ಇಬ್ಬರು ಡ್ರೈವರ್ ಹಾಕುವ ಮಾಲೀಕರು ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಅವರನ್ನು ಬಿಡಬೇಡಿ.

ರಾತ್ರಿ 2ರಿಂದ ಬೆಳಿಗ್ಗೆ 5 ದೇಹದ ಗಡಿಯಾರ ಅತಿ ಕೆಳಗೆ ಇಳಿಯುವ ಹೊತ್ತು. ಎಷ್ಟೇ ಅನುಭವ ಇದ್ದರೂ ಅದು ಬದಲಾಗುವುದಿಲ್ಲ. ಆಗ ಗಾಡಿ ನಿಲ್ಲಿಸಿ ಮಲಗುವ ಹಾಗೆ ಟ್ರಿಪ್ ಹೊಂದಿಸಿ. ಆಗದಿದ್ದರೆ ಲಾರಿ ನಿಲ್ಲಿಸಲೆಂದೇ ಬಿಟ್ಟ ಜಾಗದಲ್ಲಿ ಅಥವಾ ಪೆಟ್ರೋಲ್ ಬಂಕಿನಲ್ಲಿ 20 ನಿಮಿಷ ಕಣ್ಣು ಮುಚ್ಚಿ. ಮಲಗುವ ಮುಂಚೆ ಒಂದು ಕಾಫಿ ಕುಡಿದರೆ ಇನ್ನೂ ಒಳ್ಳೆಯದು. ಕಾಫಿ ಕೆಲಸ ಶುರುಮಾಡಲು ಅಷ್ಟೇ ಹೊತ್ತು ಬೇಕು. ರಸ್ತೆ ಬದಿಯ ಬಿಳಿ ಗೆರೆಯ ಮೇಲೆ, ಸರ್ವಿಸ್ ರಸ್ತೆಯ ಬಾಯಲ್ಲಿ ಮಾತ್ರ ನಿಲ್ಲಿಸಬೇಡಿ. ನಿಂತ ಲಾರಿಗೆ ಹಿಂದಿನಿಂದ ಗುದ್ದಿ ಸಾಯುವವರು ಕಡಿಮೆ ಇಲ್ಲ.

ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಎರಚುವುದು, ಖಾರದ ಮಿರ್ಚಿ ಕಡಿಯುವುದು ಕೆಲವು ನಿಮಿಷದ ಮಟ್ಟಿಗೆ ಮಾತ್ರ. ನಿದ್ದೆಗೆ ನಿದ್ದೆಯೇ ಮದ್ದು. ನಿದ್ದೆ ಬಾರದ ಹಾಗೆ ಮಾಡುತ್ತದೆ ಎಂದು ಯಾರಾದರೂ ಕೊಡುವ ಹೆಸರಿಲ್ಲದ ಮಾತ್ರೆಯನ್ನು ಮುಟ್ಟಬೇಡಿ. ಅದರ ಅಮಲು ಇಳಿಯುವಾಗ ನಿದ್ದೆ ಒಮ್ಮೆಲೇ ಬಂದು ಬಡಿಯುತ್ತದೆ, ಹೃದಯಕ್ಕೂ ಕೆಡುಕು. ಹಾಗೆಯೇ ನೆಗಡಿ, ಕೆಮ್ಮಿಗೆ ಮೆಡಿಕಲ್ ಶಾಪಿನಲ್ಲಿ ಔಷಧಿ ಕೇಳುವಾಗ "ನಾನು ಡ್ರೈವರ್, ನಿದ್ದೆ ಬಾರದ್ದು ಕೊಡಿ" ಎಂದು ಹೇಳಿಯೇ ಕೇಳಿ.

4. ಗೊರಕೆಯನ್ನು ಮನೆಯವರು ಗಮನಿಸಬೇಕು

ಈ ಹಂತ ಅಕ್ಕಂದಿರಿಗೆ. ನಿಮ್ಮ ಯಜಮಾನರು ಜೋರಾಗಿ ಗೊರಕೆ ಹೊಡೆಯುತ್ತ, ನಡುವೆ ಉಸಿರು ನಿಂತ ಹಾಗಾಗಿ, ಆಮೇಲೆ ಗಕ್ಕನೆ ಉಸಿರೆಳೆದುಕೊಳ್ಳುತ್ತಾರಾ? ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುತ್ತಾರಾ? ಅದು ಸ್ಲೀಪ್ ಆಪ್ನಿಯಾ ಇರಬಹುದು. ಮಲಗಿದಾಗ ಗಂಟಲ ದಾರಿ ಮುಚ್ಚಿಕೊಂಡು ಉಸಿರು ಕಟ್ಟುವ ತೊಂದರೆ ಇದು. ಕತ್ತು ದಪ್ಪ ಇರುವವರಿಗೆ, ಸುತ್ತಳತೆ 40 ಸೆಂಟಿಮೀಟರ್ ದಾಟಿದವರಿಗೆ ಸಾಧ್ಯತೆ ಹೆಚ್ಚು. ಇದು ಬಿಪಿಯನ್ನೂ ಏರಿಸುತ್ತದೆ, ಸ್ಟೇರಿಂಗ್ ಮುಂದೆ ಕಣ್ಣನ್ನೂ ಮುಚ್ಚಿಸುತ್ತದೆ. ಗೊರಕೆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವೈದ್ಯರಿಗೆ ಕೇಳಿಸಿ. ಮೆಡಿಕಲ್ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ಅಥವಾ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ. ಗೊರಕೆ ಅಂದರೆ ಗಾಢ ನಿದ್ದೆ ಎಂದು ತಿಳಿದು ಬಿಟ್ಟುಬಿಡಬೇಡಿ.

5. ಊಟ, ನೀರು

ಢಾಬಾ ಊಟ ಪೂರ್ತಿ ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ನಾನೂ ಹೇಳುವುದಿಲ್ಲ. ಮನೆಯಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊರಡಿ. ವಾರ ಇಟ್ಟರೂ ಕೆಡುವುದಿಲ್ಲ. ಢಾಬಾದಲ್ಲಿ ದಾಲ್, ಪಲ್ಯ, ಮೊಸರು, ಈರುಳ್ಳಿ, ಸೌತೆಕಾಯಿ ಕೇಳಿ ತೆಗೆದುಕೊಳ್ಳಿ, ರೊಟ್ಟಿ ಜೊತೆ ತಿನ್ನಿ. ಪರೋಟ, ಎಗ್ ರೈಸ್ ವಾರಕ್ಕೊಮ್ಮೆ ಸಾಕು. ಮಂಡಕ್ಕಿ ನಮ್ಮೂರಿನ ಜೀವ, ಆದರೆ ಶುಗರ್ ಇರುವವರಿಗೆ ಅದು ಹಗುರವಲ್ಲ, ರಕ್ತದಲ್ಲಿ ಸಕ್ಕರೆ ಬೇಗ ಏರಿಸುತ್ತದೆ. ಹುರಿಗಡಲೆ, ಶೇಂಗಾ ಜಾಸ್ತಿ ಹಾಕಿ ಮಂಡಕ್ಕಿ ಕಡಿಮೆ ಮಾಡಿ.

ಎಲ್ಲಕ್ಕಿಂತ ಸುಲಭವಾಗಿ ಬಿಡಬಹುದಾದದ್ದು ಚಹಾದ ಸಕ್ಕರೆ. ದಿನಕ್ಕೆ ಎಂಟು ಹತ್ತು ಚಹಾ ಕುಡಿಯುವವರು ತಿಳಿಯದೆಯೇ ಹದಿನೈದು ಇಪ್ಪತ್ತು ಚಮಚ ಸಕ್ಕರೆ ತಿಂದಿರುತ್ತಾರೆ. ನಿಧಾನ ಕಡಿಮೆ ಮಾಡಿ, ಎರಡು ವಾರದಲ್ಲಿ ನಾಲಿಗೆ ಒಗ್ಗುತ್ತದೆ.

ನಿಲ್ಲಿಸಬೇಕಾಗುತ್ತದೆ ಎಂದು ನೀರು ಕುಡಿಯದಿರುವುದು ಮೂತ್ರಪಿಂಡದಲ್ಲಿ ಕಲ್ಲು ಕಟ್ಟಲು ನೇರ ದಾರಿ, ಮೂತ್ರ ತಡೆದು ಕೂರುವುದೂ ಒಳ್ಳೆಯದಲ್ಲ. ಮೂತ್ರ ತಿಳಿ ಹಳದಿ ಇರಬೇಕು. ಗಾಢ ಹಳದಿ ಆದರೆ ನೀರು ಸಾಲದು ಎಂದರ್ಥ. ಹಿರಿಯೂರು, ಚಳ್ಳಕೆರೆ ಕಡೆಯ ಏಪ್ರಿಲ್ ಬಿಸಿಲಲ್ಲಿ, ಎಂಜಿನ್ ಕಾವಿನ ಪಕ್ಕ ಕೂತವರಿಗೆ ಗಂಟೆಗೊಂದು ಲೋಟವಾದರೂ ಬೇಕು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಆಗಿದೆ. ಹಳೆ ಗಾಡಿಯವರಿಗೆ ಆ ಸುಖ ಇಲ್ಲ, ಆದ್ದರಿಂದ ನೀರಿನ ಕ್ಯಾನು ಕೈಗೆಟುಕುವ ಹಾಗೆ ಇರಲಿ.

6. ತಂಬಾಕು

ಆಯಸ್ಸಿನ ಪ್ರಶ್ನೆಗೆ ಅತಿ ಸ್ಪಷ್ಟ ಅಂಕಿ ಇರುವುದು ಇಲ್ಲಿ. ನಮ್ಮ ದೇಶದಲ್ಲೇ ನಡೆದ, 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸು ಸರಾಸರಿ 6 ವರ್ಷ, ಸಿಗರೇಟು ಸೇದುವವನು 10 ವರ್ಷ ಆಯಸ್ಸು ಕಳೆದುಕೊಳ್ಳುತ್ತಾನೆ. ಒಳ್ಳೆಯ ಸುದ್ದಿಯೂ ಇದೆ. 40ರೊಳಗೆ ಬಿಟ್ಟವರು, ಸೇದುವುದರಿಂದ ಬರುವ ಸಾವಿನ ಅಪಾಯದಲ್ಲಿ ಸುಮಾರು ಶೇ 90ರಷ್ಟನ್ನು ತಪ್ಪಿಸಿಕೊಳ್ಳುತ್ತಾರೆ. 50ಕ್ಕೆ ಬಿಟ್ಟರೂ ಲಾಭ ಇದ್ದೇ ಇದೆ.

ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬಾಯಲ್ಲಿ ಎರಡೂ ಒಂದೇ. "ತಂಬಾಕಿಲ್ಲ, ಬರೀ ಅಡಿಕೆ" ಎನ್ನುವವರಿಗೂ ಎಚ್ಚರಿಕೆ ಹೇಳಲೇಬೇಕು. ಅಡಿಕೆ ಬೆಳೆಯುವ ಸೀಮೆಯವರಿಗೆ ಇದು ಕಹಿ ಮಾತು, ಆದರೆ ಅಡಿಕೆಯೊಂದೇ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತಪಡಿಸಿದೆ.

ತಿಂಗಳಿಗೊಮ್ಮೆ ಲಾರಿ ಕನ್ನಡಿಯಲ್ಲಿ ಬಾಯಿ ನೋಡಿಕೊಳ್ಳಿ. ಮೂರು ಬೆರಳನ್ನು ಒಂದರ ಮೇಲೊಂದು ನೇರವಾಗಿ ಜೋಡಿಸಿ ಹಲ್ಲುಗಳ ನಡುವೆ ಇಡಲು ಆಗುತ್ತದಾ? ಆಗದಿದ್ದರೆ ಬಾಯಿ ಒಳಗಿನ ಚರ್ಮ ಬಿಗಿಯುತ್ತಿದೆ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ದಾಟಿದರೂ ಮಾಯದ ಹುಣ್ಣು ಇದ್ದರೆ ಮುಂದಿನ ಟ್ರಿಪ್‌ಗೆ ಮುಂಚೆಯೇ ದಂತ ವೈದ್ಯರಿಗೆ ತೋರಿಸಿ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ನೋಯುವುದಿಲ್ಲ, ಅದರಿಂದಲೇ ಜನ ಮೋಸ ಹೋಗುತ್ತಾರೆ. ಬಿಡಲು ಸಹಾಯಕ್ಕೆ ಉಚಿತ ಫೋನ್ ಇದೆ: 1800 11 2356.

7. ಬೆನ್ನು, ಕಾಲು ಮತ್ತು ನೋವಿನ ಮಾತ್ರೆ

ಹಿಂದಿನ ಜೇಬಿನ ಪರ್ಸ್ ತೆಗೆದಿಡಿ. ಒಂದು ಕಡೆ ಎತ್ತರವಾಗಿ ಕೂತರೆ ಸೊಂಟ ವಾಲುತ್ತದೆ, ಕಾಲಿನ ನರ ಹಿಡಿಯುತ್ತದೆ. ಕ್ಯಾಬಿನ್ನಿನಿಂದ ಜಿಗಿಯಬೇಡಿ, ಹಿಡಿದುಕೊಂಡು ಮೆಟ್ಟಿಲ ಮೇಲೆ ಇಳಿಯಿರಿ. ಹೆಬ್ಬಾಳು ಟೋಲ್, ಗುಯಿಲಾಳು ಟೋಲ್, ಹೀಗೆ ಪ್ರತಿ ಟೋಲ್ ದಾಟಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಟೈರ್ ನೋಡುವ ನೆಪದಲ್ಲಿ ಗಾಡಿಗೆ ನಾಲ್ಕು ಸುತ್ತು ಬನ್ನಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಎಣ್ಣೆ ಹಾಕಿ ನೀವಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ. ಅಂದೇ ಆಸ್ಪತ್ರೆಗೆ ಹೋಗಿ.

ಬೆನ್ನು ನೋವಿಗೆ ದಿನಾ ಡೈಕ್ಲೋಫಿನ್ಯಾಕ್ ಥರದ ಮಾತ್ರೆ ನುಂಗುವವರೇ, ದಯವಿಟ್ಟು ನಿಲ್ಲಿಸಿ ವೈದ್ಯರನ್ನು ಕೇಳಿ. ಅದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಬಿಪಿ ಏರಿಸುತ್ತದೆ, ನೀರು ಕಡಿಮೆ ಕುಡಿಯುವವರ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಬೇಡಿ. ಕೈ ನಡುಗಿ, ಬೆವರು ಕಿತ್ತು, ಕಣ್ಣು ಮಂಜಾದರೆ ಸಕ್ಕರೆ ಕುಸಿದಿದೆ ಎಂದು ತಿಳಿದು ಗಾಡಿ ನಿಲ್ಲಿಸಿ ಸಕ್ಕರೆ ಅಥವಾ ಬೆಲ್ಲ ತಿನ್ನಿ. ಪೂರ್ತಿ ಸರಿಹೋಗುವವರೆಗೆ ಸ್ಟೇರಿಂಗ್ ಮುಟ್ಟಬೇಡಿ.

8. ಹೇಳಿಕೊಳ್ಳಲು ಹಿಂಜರಿಯುವ ವಿಷಯಗಳು

ದಾರಿಯಲ್ಲಿ ಸಂಬಂಧ ಆಗಿದ್ದರೆ ಎಚ್‌ಐವಿ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ, ಅಂದರೆ ಆಪ್ತಸಮಾಲೋಚನೆ ಮತ್ತು ರಕ್ತ ಪರೀಕ್ಷೆಯ ಕೇಂದ್ರದಲ್ಲಿ, ಅದು ಉಚಿತ ಮತ್ತು ಗುಟ್ಟಾಗಿರುತ್ತದೆ. ಈಗ ದಿನಾ ಮಾತ್ರೆ ತೆಗೆದುಕೊಂಡು ಪೂರ್ಣ ಆಯಸ್ಸು ಬಾಳುವವರಿದ್ದಾರೆ. ತಡ ಮಾಡಿದರೆ ಮಾತ್ರ ಕಷ್ಟ. ಮನಸ್ಸು ಕುಗ್ಗಿದ್ದರೆ, ಅಪಘಾತ ನೋಡಿದ ಮೇಲೆ ನಿದ್ದೆ ಹತ್ತದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

9. ದಾರಿಯಲ್ಲಿ ಎದೆ ಹಿಡಿದರೆ

ಎದೆಯ ಮೇಲೆ ಭಾರ ಇಟ್ಟ ಹಾಗೆ, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು. ಇದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮುಂದೆ ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗಾಡಿಯನ್ನು ಬದಿಗೆ ಹಾಕಿ, ನಾಲ್ಕೂ ಇಂಡಿಕೇಟರ್ ಹಾಕಿ. 108ಕ್ಕೆ ಕರೆ ಮಾಡಿ, ಹೆದ್ದಾರಿಯಲ್ಲಿ 1033 ಕೂಡ ಇದೆ. ನೀವೇ ಓಡಿಸಿಕೊಂಡು ಹೋಗಬೇಡಿ. ನಮ್ಮ ರಾಜ್ಯದಲ್ಲಿ ಇದ್ದರೆ ದೊಡ್ಡ ಊರು ಬರಲಿ ಎಂದು ಕಾಯದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಕೇಳಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯೂ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನೂ ಉಚಿತ. ಮುಂದಿನ ಚಿಕಿತ್ಸೆಗೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಾರ್ಡನ್ನು ಮೊದಲೇ ಮಾಡಿಸಿಡಿ.

ಬಾಯಿ ಸೊಟ್ಟಗಾಯಿತು, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಎಂದರೆ ಪಾರ್ಶ್ವವಾಯು. ಹೆಪ್ಪು ಕರಗಿಸುವ ಔಷಧಿಯನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆದ್ದರಿಂದ ಸ್ಕ್ಯಾನಿಂಗ್ ಇರುವ ಆಸ್ಪತ್ರೆಯನ್ನು ಆದಷ್ಟು ಬೇಗ ಸೇರಿ. ಎಷ್ಟು ಗಂಟೆಗೆ ಶುರುವಾಯಿತು ಎಂದು ಕ್ಲೀನರ್ ಬರೆದುಕೊಳ್ಳಲಿ.

ಇದಕ್ಕಾಗಿಯೇ ಒಂದು ಚೀಟಿ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಕ್ಯಾಬಿನ್ನಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಿ: ನಿಮ್ಮ ಹೆಸರು, ರಕ್ತದ ಗುಂಪು, ಇರುವ ಕಾಯಿಲೆ, ನುಂಗುವ ಮಾತ್ರೆ, ಯಾವ ಔಷಧಿ ಒಗ್ಗುವುದಿಲ್ಲ, ಮನೆಯ ಇಬ್ಬರ ಫೋನ್ ನಂಬರು. ಹೊರರಾಜ್ಯಕ್ಕೆ ಹೋಗುವವರು ಅದೇ ಚೀಟಿಯನ್ನು ಇಂಗ್ಲಿಷಿನಲ್ಲೂ ಬರೆಸಿಡಿ. ಮಾತ್ರೆ ಬದಲಾದಾಗ ಚೀಟಿಯೂ ಬದಲಾಗಲಿ.